ಮೆಚ್ಚುಗೆ ಕೂಡಿಡುವ ಉಪಕರಣ: ಫಾರ್ಮ್ ಅವರದು, ಪ್ರಶ್ನೆ ನಮ್ಮದಾಗಿರಲಿ

ಆನ್‌ಲೈನ್‌ನಲ್ಲಿ ಸ್ಪ್ರೆಡ್‌ಶೀಟ್ ಪಾಠ ಹೇಳಿಕೊಡುವುದು ನನ್ನ ಕೆಲಸ. ಲೆಕ್ಕಪತ್ರ, ದಾಸ್ತಾನು, ಸಂಬಳದ ಪಟ್ಟಿ ನೋಡಿಕೊಳ್ಳುವವರೇ ಹೆಚ್ಚಾಗಿ ನನ್ನ ವಿದ್ಯಾರ್ಥಿಗಳು. ಕಲಿತ ಮೇಲೆ ಅವರು ಬರೆಯುವ ಒಳ್ಳೆಯ ಮಾತುಗಳು ವಾಟ್ಸ್ಯಾಪ್‌ನಲ್ಲಿ ಒಂದಷ್ಟು, ಇಮೇಲ್‌ನಲ್ಲಿ ಒಂದಷ್ಟು, ವಿಡಿಯೊಗಳ ಕೆಳಗಿನ ಕಾಮೆಂಟುಗಳಲ್ಲಿ ಇನ್ನೊಂದಷ್ಟು ಹೀಗೆ ಚದುರಿ ಬಿದ್ದಿರುತ್ತಿದ್ದವು. ಹೊಸದಾಗಿ ಸೇರಬೇಕೆಂದಿರುವವರು "ನಿಮ್ಮಲ್ಲಿ ಕಲಿತವರು ಏನಂತಾರೆ?" ಎಂದು ಕೇಳಿದರೆ ಫೋನಿನ ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್ ತಡಕಾಡಬೇಕಿತ್ತು. ಆ ಕಾಟ ತಪ್ಪಿಸಿಕೊಳ್ಳಲು ಫೀಡ್‌ಬ್ಯಾಕ್ ಮತ್ತು ಟೆಸ್ಟಿಮೋನಿಯಲ್ (ಬಳಸಿದವರ ಮೆಚ್ಚುಗೆಯ ಮಾತು) ಸಂಗ್ರಹಿಸುವ ಒಂದು ಆನ್‌ಲೈನ್ ಉಪಕರಣಕ್ಕೆ ಸೇರಿಕೊಂಡೆ. ಈಗ ಅದರ ಮೂಲೆ ಮೂಲೆ ಗೊತ್ತು, ಹಾಗಾಗಿ ಬರೆಯುತ್ತಿದ್ದೇನೆ.

ಉಪಕರಣದ ಹೆಸರು ಬರೆಯುತ್ತಿಲ್ಲ. ಈ ಜಾತಿಯವೆಲ್ಲ ಒಂದನ್ನೊಂದು ನೋಡಿಕೊಂಡೇ ಬೆಳೆದಿವೆ. ನಾನು ಹೊಗಳುವ ಸೌಲಭ್ಯವೂ ಬೈಯುವ ಕೊರತೆಯೂ ಪಕ್ಕದ ಉಪಕರಣದಲ್ಲೂ ಸಿಗುವ ಸಾಧ್ಯತೆ ಹೆಚ್ಚು. ಒಟ್ಟಾರೆ ನನ್ನ ತೀರ್ಪು ಹೇಳುವುದಾದರೆ, ಇಟ್ಟುಕೊಳ್ಳಲು ಯೋಗ್ಯವಾದ ವಸ್ತು. ಆದರೆ ಅವರು ಜಾಹೀರಾತಿನಲ್ಲಿ ಕೊಡುವ ಕಾರಣಗಳಿಗಾಗಿ ಅಲ್ಲ.

ಶುರು ಮಾಡುವುದು ಸಲೀಸು. ಇಮೇಲ್ ಕೊಟ್ಟು, ನಿಮ್ಮ ವ್ಯವಹಾರದ ಹೆಸರು, ಲೋಗೊ, ಬಣ್ಣ ತುಂಬಿದರೆ ಒಂದು ಲಿಂಕ್ ಕೈಗೆ ಬರುತ್ತದೆ. ಆ ಲಿಂಕ್ ಒತ್ತಿದವರಿಗೆ ನಿಮ್ಮ ಹೆಸರಿನ ಪುಟ ತೆರೆದುಕೊಳ್ಳುತ್ತದೆ. ಬರೆದು ತಿಳಿಸಲು ಒಂದು ಗುಂಡಿ, ವಿಡಿಯೊದಲ್ಲಿ ಹೇಳಲು ಇನ್ನೊಂದು. ಉತ್ತರಿಸುವವರು ಖಾತೆ ತೆರೆಯಬೇಕಿಲ್ಲ, ಆ್ಯಪ್ ಹಾಕಿಕೊಳ್ಳಬೇಕಿಲ್ಲ, ಪಾಸ್‌ವರ್ಡ್ ನೆನಪಿಡಬೇಕಿಲ್ಲ. ಉಪಕಾರಕ್ಕೆಂದು ಎರಡು ಮಾತು ಬರೆಯಲು ಬಂದವರನ್ನು ಬಾಗಿಲಲ್ಲೇ ತಡೆದು ಒಟಿಪಿ ಕೇಳಿದರೆ ಯಾರು ಬರೆಯುತ್ತಾರೆ? ಬಂದ ಉತ್ತರಗಳು ಡ್ಯಾಶ್‌ಬೋರ್ಡ್‌ನಲ್ಲಿ ಸಾಲಾಗಿ ಕೂತಿರುತ್ತವೆ. ನೀವು ಒಪ್ಪಿದವು ಮಾತ್ರ ಜಾಲತಾಣದಲ್ಲಿ ಕಾಣುತ್ತವೆ. ಇಷ್ಟಕ್ಕೆ ಯಾವ ತಾಂತ್ರಿಕ ಜ್ಞಾನವೂ ಬೇಡ.

ಅಸಲಿ ಕೆಲಸ ಶುರುವಾಗುವುದು ಪ್ರಶ್ನೆಗಳಲ್ಲಿ. ಫಾರ್ಮ್ ಜೊತೆ ಸಿದ್ಧ ಪ್ರಶ್ನೆಗಳು ಬರುತ್ತವೆ. "ನಮ್ಮ ಸೇವೆಯಲ್ಲಿ ನಿಮಗೆ ಏನು ಇಷ್ಟವಾಯಿತು?", "ನಮ್ಮನ್ನು ಇತರರಿಗೆ ಯಾಕೆ ಶಿಫಾರಸು ಮಾಡುತ್ತೀರಿ?" ಎಂಬ ಧಾಟಿಯವು. ಇವನ್ನು ಮೊದಲು ಅಳಿಸಿ. ಇಷ್ಟವಾಗಿದೆ ಎಂದು ನೀವೇ ತೀರ್ಮಾನಿಸಿ ಕೇಳಿದರೆ, ಉತ್ತರಿಸುವವರು ಮರ್ಯಾದೆಗೆ "ತುಂಬಾ ಚೆನ್ನಾಗಿದೆ, ಧನ್ಯವಾದಗಳು ಮೇಡಂ" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅಂಥ ಮಾತು ಸಾಲುಸಾಲಾಗಿ ಬಂದರೂ ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಯಾವ ಪಾಠ, ಯಾವ ಅಂಗಡಿ, ಯಾವ ಆಸ್ಪತ್ರೆಗೆ ಬೇಕಾದರೂ ಅದನ್ನು ಅಂಟಿಸಬಹುದು.

ನಾನು ಇಟ್ಟುಕೊಂಡಿರುವ ಪ್ರಶ್ನೆಗಳು ಮೂರೇ. ಪಾಠಕ್ಕೆ ಸೇರುವ ಮುಂಚೆ ನಿಮ್ಮ ಕೆಲಸದಲ್ಲಿ ಯಾವುದು ತಲೆನೋವಾಗಿತ್ತು? ಸೇರಬೇಕೋ ಬೇಡವೋ ಎಂದು ಅನುಮಾನ ಬಂದಿದ್ದರೆ, ಯಾಕೆ? ಈಗ ಬೇರೆ ರೀತಿ ಮಾಡುತ್ತಿರುವ ಒಂದು ಕೆಲಸ ಹೇಳಿ. ಮೊದಲನೆಯದಕ್ಕೆ ಒಬ್ಬರು ಬರೆದದ್ದು ಹೀಗಿತ್ತು: "ಎರಡು ಶೀಟಿನ ಹೆಸರುಗಳನ್ನು ಪ್ರಿಂಟ್ ತೆಗೆದು ಪೆನ್ಸಿಲ್‌ನಲ್ಲಿ ಟಿಕ್ ಹಾಕಿ ತಾಳೆ ನೋಡುತ್ತಿದ್ದೆ." ಮೂರನೆಯದಕ್ಕೆ ಅವರದೇ ಉತ್ತರ (ಎಕ್ಸ್‌ಲುಕಪ್ ಅಂದರೆ ಒಂದು ಪಟ್ಟಿಯ ಹೆಸರನ್ನು ಇನ್ನೊಂದರಲ್ಲಿ ಹುಡುಕಿಕೊಡುವ ಎಕ್ಸೆಲ್ ಸೂತ್ರ): "ಈಗ ಎಕ್ಸ್‌ಲುಕಪ್ ಹಾಕಿ, ಸಿಗದ ಹೆಸರುಗಳನ್ನು ಮಾತ್ರ ನೋಡುತ್ತೇನೆ." ಇದರಲ್ಲಿ ನನ್ನ ಬಗ್ಗೆ ಒಂದೇ ಒಂದು ಹೊಗಳಿಕೆಯ ಪದವಿಲ್ಲ. ಆದರೂ ನನ್ನ ಪುಟದಲ್ಲಿ ಇದರಷ್ಟು ಕೆಲಸ ಮಾಡುವ ಇನ್ನೊಂದು ಮಾತಿಲ್ಲ, ಯಾಕೆಂದರೆ ಪೆನ್ಸಿಲ್ ಹಿಡಿದು ಕೂತ ಇನ್ನೊಬ್ಬರು ಇದನ್ನು ಓದಿದ ತಕ್ಷಣ ತಮ್ಮನ್ನೇ ಕಾಣುತ್ತಾರೆ.

ಎರಡನೆಯ ಪ್ರಶ್ನೆಯನ್ನು ಬಿಡುವವರೇ ಹೆಚ್ಚು. ಹಿಂಜರಿಕೆಯ ಬಗ್ಗೆ ನಾವೇ ಯಾಕೆ ಕೆದಕಬೇಕು ಎಂಬ ಭಯ. ನನಗಂತೂ ಅದರಿಂದಲೇ ಹೆಚ್ಚು ಲಾಭ. "ಇಂಗ್ಲಿಷ್ ಮೆನು ನೋಡಿದರೇ ಭಯ, ಪಾಠ ಅರ್ಥವಾಗುತ್ತದೋ ಇಲ್ಲವೋ ಅನ್ನಿಸಿತ್ತು" ಎಂದು ಬರೆದವರು ಒಬ್ಬಿಬ್ಬರಲ್ಲ. ಕೋರ್ಸ್‌ನ ಪರಿಚಯ ಪುಟದಲ್ಲಿ ನಾನು ಬರೆದುಕೊಂಡಿದ್ದ ವಿವರಗಳಲ್ಲಿ ಆ ಭಯದ ಪ್ರಸ್ತಾಪವೇ ಇರಲಿಲ್ಲ. ಈಗ ಅದೇ ಮೊದಲ ಸಾಲು.

ಪ್ರಶ್ನೆಯಷ್ಟೇ ಮುಖ್ಯವಾದದ್ದು ಹೊತ್ತು. ಕೊನೆಯ ಪಾಠ ಮುಗಿದ ತಕ್ಷಣ ತಾನಾಗಿಯೇ ಇಮೇಲ್ ಹೋಗುವಂತೆ ಇಡಬಹುದು, ಸಿದ್ಧ ವ್ಯವಸ್ಥೆಯೂ ಹಾಗೆಯೇ ಇರುತ್ತದೆ. ಆ ಗಳಿಗೆಯಲ್ಲಿ ಬರುವುದು ಖುಷಿ, ಅನುಭವವಲ್ಲ. ಕಲಿತದ್ದನ್ನು ಅವರು ಇನ್ನೂ ತಮ್ಮ ಫೈಲಿನಲ್ಲಿ ಮಾಡಿಯೇ ಇರುವುದಿಲ್ಲ. ತಿಂಗಳ ಕೊನೆಯ ವರದಿಯನ್ನೊಮ್ಮೆ ತಾವೇ ತಯಾರಿಸಿದ ಮೇಲೆ ಕೇಳಿದರೆ ಉತ್ತರದ ತೂಕವೇ ಬೇರೆ. ಹಾಗಾಗಿ ತಡ ಮಾಡಿ ಕಳಿಸುವ ಆಯ್ಕೆ ಹುಡುಕಿ ಇಟ್ಟುಕೊಂಡಿದ್ದೇನೆ, ಅದು ಸೆಟ್ಟಿಂಗ್‌ಗಳಲ್ಲಿ ಆಳದಲ್ಲೆಲ್ಲೋ ಅಡಗಿತ್ತು. ನೆನಪಿಸುವ ಇಮೇಲ್ ಒಂದಕ್ಕೇ ಸೀಮಿತ, ಎರಡನೆಯದು ಕಿರಿಕಿರಿ. ಇನ್ನೊಂದು ಮಾತು: ಇಮೇಲ್‌ಗಳು ಉಪಕರಣದ ವಿಳಾಸದಿಂದ ಹೊರಡುತ್ತವೆ, ಯಾರೋ ಅಪರಿಚಿತರು ಎಂದುಕೊಂಡು ಜನ ತೆರೆಯುವುದಿಲ್ಲ. ನಿಮ್ಮ ಡೊಮೈನ್ (ಜಾಲತಾಣದ ವಿಳಾಸ) ಹೆಸರಿನಿಂದಲೇ ಹೋಗಬೇಕಾದರೆ, ಇಮೇಲ್ ಕಳಿಸಲು ನೀವೇ ಅನುಮತಿ ಕೊಟ್ಟಿದ್ದೀರಿ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ ಎಂಬ ದಾಖಲೆಗಳನ್ನು ಡೊಮೈನ್ ಸೆಟ್ಟಿಂಗ್‌ನಲ್ಲಿ ಸೇರಿಸಬೇಕು. ಇವಿಲ್ಲದ ಇಮೇಲ್‌ಗಳ ಮೇಲೆ ಜಿಮೇಲ್, ಯಾಹೂ ಎರಡೂ 2024ರ ಫೆಬ್ರವರಿಯಿಂದ ಬಿಗಿಯಾಗಿವೆ. ನಕಲು ಮಾಡಿ ಅಂಟಿಸುವ ಕೆಲಸ ಅಷ್ಟೇ, ಹೆದರಬೇಕಿಲ್ಲ. ಇನ್ನೂ ಸುಲಭದ ದಾರಿಯೆಂದರೆ ಲಿಂಕನ್ನು ನೀವೇ ವಾಟ್ಸ್ಯಾಪ್‌ನಲ್ಲಿ, ಹೆಸರು ಹಿಡಿದು ಕರೆದು, ಕಳಿಸುವುದು. ನನಗೆ ಒಳ್ಳೆಯ ಉತ್ತರಗಳು ಬಂದಿರುವುದು ಹೆಚ್ಚಾಗಿ ಈ ದಾರಿಯಲ್ಲೇ.

ಡ್ಯಾಶ್‌ಬೋರ್ಡ್‌ನ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಅಂಕಿ ಮಿನುಗುತ್ತಿರುತ್ತದೆ: ಎನ್‌ಪಿಎಸ್, ಅಂದರೆ ನೆಟ್ ಪ್ರಮೋಟರ್ ಸ್ಕೋರ್. 2003ರಲ್ಲಿ ಫ್ರೆಡ್ ರೈಕ್‌ಹೆಲ್ಡ್ ಅವರು ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬರೆದ ಮೇಲೆ ಪ್ರಸಿದ್ಧವಾದ ಅಳತೆ ಇದು. "ನಮ್ಮನ್ನು ಸ್ನೇಹಿತರಿಗೆ ಶಿಫಾರಸು ಮಾಡುವ ಸಾಧ್ಯತೆ ಎಷ್ಟು?" ಎಂದು ಕೇಳಿ 0ಯಿಂದ 10ರವರೆಗೆ ಅಂಕ ಪಡೆಯುತ್ತಾರೆ. 9 ಅಥವಾ 10 ಕೊಟ್ಟವರ ಶೇಕಡಾವಾರಿನಿಂದ 0ಯಿಂದ 6 ಕೊಟ್ಟವರ ಶೇಕಡಾವಾರು ಕಳೆದರೆ ಸ್ಕೋರ್ ಬಂತು. 7, 8 ಕೊಟ್ಟವರು ಒಟ್ಟು ಸಂಖ್ಯೆಯಲ್ಲಿರುತ್ತಾರೆ, ಕೂಡುವ ಕಳೆಯುವ ಲೆಕ್ಕದಲ್ಲಿ ಇಲ್ಲ. ಇದಕ್ಕೆ ಉಪಕರಣವೇ ಬೇಕಿಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಷರತ್ತಿಗೆ ಹೊಂದುವವನ್ನು ಎಣಿಸುವ ಎರಡು ಕೌಂಟ್‌ಇಫ್, ಎಲ್ಲವನ್ನೂ ಎಣಿಸುವ ಒಂದು ಕೌಂಟ್, ಒಂದು ಭಾಗಾಕಾರ. ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಅಭ್ಯಾಸಕ್ಕೆ ಕೊಡುತ್ತೇನೆ.

ದೊಡ್ಡ ಕಂಪನಿಗಳಿಗೆ ಈ ಅಳತೆಯಿಂದ ಉಪಯೋಗವಿರಬಹುದು, ಒಬ್ಬರೇ ನಡೆಸುವ ವ್ಯವಹಾರಕ್ಕೆ ಇದು ಬರೀ ಎದೆಬಡಿತ. ಹತ್ತು ಜನ ಉತ್ತರಿಸಿದ್ದಾರೆ ಎಂದುಕೊಳ್ಳಿ. ಅವರಲ್ಲಿ ಒಬ್ಬರು 9ರ ಬದಲು 6 ಒತ್ತಿದರೆ ಮೆಚ್ಚಿದವರ ಲೆಕ್ಕದಲ್ಲಿ 10 ಕಡಿಮೆ, ಮೆಚ್ಚದವರ ಲೆಕ್ಕದಲ್ಲಿ 10 ಹೆಚ್ಚು, ಸ್ಕೋರ್ ಒಂದೇ ಏಟಿಗೆ 20 ಕುಸಿಯುತ್ತದೆ. ಕೆಂಪು ಬಾಣವೂ ಕಾಣಿಸಿಕೊಳ್ಳುತ್ತದೆ. ನಾನು ಆ ಪೆಟ್ಟಿಗೆಯನ್ನು ಮರೆಮಾಡಿದ್ದೇನೆ. ಅಂಕದ ಕೆಳಗೆ ಇರುವ "ಈ ಅಂಕ ಯಾಕೆ ಕೊಟ್ಟಿರಿ?" ಎಂಬ ಖಾಲಿ ಜಾಗವನ್ನು ಮಾತ್ರ ಓದುತ್ತೇನೆ. 6 ಕೊಟ್ಟ ಒಬ್ಬರು ಅಲ್ಲಿ ಬರೆದಿದ್ದು: "ಪಾಠ ಚೆನ್ನಾಗಿದೆ, ಆದರೆ ನೀವು ಬಳಸುವ ಎಕ್ಸೆಲ್ ಹೊಸದು, ನಮ್ಮ ಆಫೀಸಿನಲ್ಲಿ ಹಳೆಯದು, ಎಕ್ಸ್‌ಲುಕಪ್ ಅದರಲ್ಲಿ ಇಲ್ಲವೇ ಇಲ್ಲ." ನಿಜವೇ, ಎಕ್ಸೆಲ್ 2019ರಲ್ಲೂ ಅದಕ್ಕಿಂತ ಹಳೆಯವುಗಳಲ್ಲೂ ಅದು ಸಿಗುವುದಿಲ್ಲ. ಇಂಡೆಕ್ಸ್, ಮ್ಯಾಚ್ ಎಂಬ ಹಳೆಯ ಸೂತ್ರಗಳನ್ನು ಬಳಸಿ ಅದೇ ಕೆಲಸ ಮಾಡುವ ಪಾಠ ಸೇರಿಸಿದ್ದು ಆ ಸಾಲಿನಿಂದ. ಯಾವ ವಿಜೆಟ್‌ನಲ್ಲೂ (ಜಾಲತಾಣದಲ್ಲಿ ಉತ್ತರಗಳನ್ನು ತೋರಿಸುವ ಪೆಟ್ಟಿಗೆ) ಕಾಣದ ಉತ್ತರ ಅದು. ಉಪಕರಣ ಕೊಟ್ಟವುಗಳಲ್ಲಿ ನನಗೆ ಅತ್ಯಂತ ಹೆಚ್ಚು ಉಪಯೋಗಕ್ಕೆ ಬಂದದ್ದೂ ಅದೇ.

ವಿಡಿಯೊ ಸೌಲಭ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರೌಸರ್‌ನಲ್ಲೇ ಕ್ಯಾಮೆರಾ ತೆರೆದು ರೆಕಾರ್ಡ್ ಮಾಡಬಹುದು, ಇಷ್ಟವಾಗದಿದ್ದರೆ ಮತ್ತೆ ಮಾಡಬಹುದು, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ವಾಟ್ಸ್ಯಾಪ್‌ನ ಒಳಗೇ ತೆರೆದುಕೊಳ್ಳುವ ಪುಟದಲ್ಲಿ ಕೆಲವು ಫೋನುಗಳು ಕ್ಯಾಮೆರಾಗೆ ಅನುಮತಿ ಕೊಡಲು ತಕರಾರು ಮಾಡುತ್ತವೆ. "ಕ್ರೋಮ್‌ನಲ್ಲಿ ತೆರೆಯಿರಿ" ಎಂದು ಲಿಂಕಿನ ಜೊತೆಗೇ ಬರೆದು ಕಳಿಸಿ. ಕ್ಯಾಮೆರಾ ಮುಂದೆ ಕೂರಲು ಒಪ್ಪುವವರು ಕಡಿಮೆ, ಅವರನ್ನು ಒತ್ತಾಯಿಸುವುದು ನನಗೆ ಸರಿ ಕಾಣುವುದಿಲ್ಲ. ಬರಹದ ಗುಂಡಿಯನ್ನೇ ಮೇಲಿಟ್ಟಿದ್ದೇನೆ.

ಈಗ ನನಗೆ ಸಿಟ್ಟು ಬರಿಸಿದ ಸೌಲಭ್ಯಕ್ಕೆ ಬರೋಣ. ಫಾರ್ಮ್ ತಯಾರಿಸುವಾಗ ಒಂದು ಸ್ವಿಚ್ ಇದೆ. ಅದನ್ನು ಒತ್ತಿದರೆ ನಾಲ್ಕು ಅಥವಾ ಐದು ನಕ್ಷತ್ರ ಕೊಟ್ಟವರಿಗೆ "ಇದನ್ನೇ ಗೂಗಲ್‌ನಲ್ಲೂ ಬರೆಯಿರಿ" ಎಂಬ ಪುಟ ತೆರೆಯುತ್ತದೆ, ಮೂರು ಅಥವಾ ಕಡಿಮೆ ಕೊಟ್ಟವರಿಗೆ "ನಿಮ್ಮ ಸಮಸ್ಯೆ ನಮಗೆ ಮಾತ್ರ ತಿಳಿಸಿ" ಎಂಬ ಪುಟ. ಹೊಗಳುವವರನ್ನು ಮುಂಬಾಗಿಲಿಗೂ ದೂರುವವರನ್ನು ಹಿತ್ತಿಲಿಗೂ ಕಳಿಸುವ ಏರ್ಪಾಡು. ಇದನ್ನು ಜಾಣತನವೆಂಬಂತೆ ಮಾರುತ್ತಾರೆ. ಒಳ್ಳೆಯ ವಿಮರ್ಶೆಗಳನ್ನಷ್ಟೇ ಆರಿಸಿ ಕೇಳುವುದನ್ನು, ಕೆಟ್ಟವನ್ನು ಬರೆಯದಂತೆ ತಡೆಯುವುದನ್ನು ಗೂಗಲ್‌ನ ನಿಯಮಗಳು ನಿಷೇಧಿಸಿವೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ನಾಲ್ಕಕ್ಕಿಂತ ಕಡಿಮೆ ನಕ್ಷತ್ರದ ವಿಮರ್ಶೆಗಳನ್ನು ತನ್ನ ತಾಣದಲ್ಲಿ ಕಾಣದಂತೆ ತಡೆದ ಆರೋಪದ ಮೇಲೆ ಫ್ಯಾಷನ್ ನೋವಾ ಎಂಬ ಬಟ್ಟೆ ಕಂಪನಿಯ ವಿರುದ್ಧ ಕ್ರಮ ಕೈಗೊಂಡಿತು. 2022ರಲ್ಲಿ ಆ ಪ್ರಕರಣ 42 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು. ನಕಲಿ ವಿಮರ್ಶೆಗಳ ಬಗ್ಗೆ ಅದೇ ಸಂಸ್ಥೆಯ ಹೊಸ ನಿಯಮ 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಆನ್‌ಲೈನ್ ವಿಮರ್ಶೆಗಳಿಗೆಂದೇ ಭಾರತೀಯ ಮಾನಕ ಬ್ಯೂರೊ ಕೂಡ ಐಎಸ್ 19000:2022 ಎಂಬ ಮಾನದಂಡ ಹೊರತಂದಿದೆ. ಸ್ವಿಚ್ ಕೊಟ್ಟವರು ಉಪಕರಣದವರೇ ಇರಬಹುದು, ಒತ್ತಿದ ಹೊಣೆ ಮಾತ್ರ ನಿಮ್ಮದು. ಒತ್ತಬೇಡಿ. ಗೂಗಲ್ ಲಿಂಕ್ ಕೊಡುವುದಾದರೆ ಎಷ್ಟೇ ನಕ್ಷತ್ರ ಕೊಟ್ಟಿರಲಿ, ಎಲ್ಲರಿಗೂ ಕೊಡಿ.

ಇದರ ಪಕ್ಕದಲ್ಲೇ ಇನ್ನೊಂದು ಮಿಂಚುವ ಗುಂಡಿ: ಕೃತಕ ಬುದ್ಧಿಮತ್ತೆಯಿಂದ ಟೆಸ್ಟಿಮೋನಿಯಲ್ ತಿದ್ದುವುದು. ಪೆನ್ಸಿಲ್ ಟಿಕ್‌ನ ಮೇಲಿನ ಉತ್ತರವನ್ನು ಕುತೂಹಲಕ್ಕೆ ಅದಕ್ಕೆ ಕೊಟ್ಟು ನೋಡಿದೆ. "ಈ ಕೋರ್ಸ್ ನನ್ನ ಕಾರ್ಯಕ್ಷಮತೆಯನ್ನು ಗಣನೀಯವಾಗಿ ಹೆಚ್ಚಿಸಿದೆ" ಎಂದು ವಾಪಸ್ ಕೊಟ್ಟಿತು. ಪೆನ್ಸಿಲ್ ಮಾಯ, ಪ್ರಿಂಟ್ ಮಾಯ, ಮನುಷ್ಯರೇ ಮಾಯ. ಅವರು ಬರೆಯದ ಮಾತನ್ನು ಅವರ ಹೆಸರಿನ ಕೆಳಗೆ ಹಾಕುವುದು ಸುಳ್ಳು ಎಂಬುದು ಬೇರೆ ವಿಷಯ, ಅದು ಕೆಟ್ಟ ಬರಹ ಕೂಡ. ಕಾಗುಣಿತ ತಿದ್ದಿದರೂ ನಾನು ಅವರಿಗೆ ತೋರಿಸಿಯೇ ಹಾಕುತ್ತೇನೆ.

ಹಾಗಾದರೆ ಇಂಥ ಉಪಕರಣ ಯಾಕೆ ಬೇಕು, ಒಂದು ಗೂಗಲ್ ಫಾರ್ಮ್ ಸಾಕಲ್ಲವೇ? ಉತ್ತರ ಕೂಡಿಡಲು ಸಾಕು. ನಾನು ಇದನ್ನು ಬಿಡದಿರಲು ಕಾರಣ ಒಪ್ಪಿಗೆಯ ದಾಖಲೆ. ಯಾರು, ಯಾವ ದಿನ, ಯಾವ ಪಠ್ಯಕ್ಕೆ, ಹೆಸರು ಹಾಕಲು ಒಪ್ಪಿದರೋ ಫೋಟೊಗೂ ಒಪ್ಪಿದರೋ ಎಂಬುದೆಲ್ಲ ಪ್ರತಿ ಉತ್ತರದ ಜೊತೆ ಉಳಿಯುತ್ತದೆ. ವಾಟ್ಸ್ಯಾಪ್ ಸ್ಕ್ರೀನ್‌ಶಾಟ್ ಹಾಕುವವರು ಇದನ್ನು ಯೋಚಿಸುವುದೇ ಇಲ್ಲ. ನಮಗೆ ಖಾಸಗಿಯಾಗಿ ಬರೆದ ಮಾತು ಅದು, ಮೂಲೆಯಲ್ಲಿ ಫೋನ್ ನಂಬರ್ ಬೇರೆ ಇಣುಕುತ್ತಿರುತ್ತದೆ. ಹಳೆಯ ಸಂದೇಶಗಳನ್ನು ಉಪಕರಣಕ್ಕೆ ತುಂಬಿಸುವಾಗ ನಾನು ಪ್ರತಿಯೊಬ್ಬರಿಗೂ ಲಿಂಕ್ ಕಳಿಸಿ ಕೇಳಿದೆ. ಕೆಲವರು ಬೇಡವೆಂದರು. ಕಾರಣ ಸರಳ: ತಮ್ಮ ಮೇಲಧಿಕಾರಿಗೆ, ಇಷ್ಟು ದಿನ ಇದು ಬರುತ್ತಿರಲಿಲ್ಲ ಎಂದು ಗೊತ್ತಾಗುವುದು ಬೇಡ. ಹೆಸರಿನ ಮೊದಲ ಅಕ್ಷರ ಮತ್ತು ಕೆಲಸ ಮಾತ್ರ ಹಾಕುವ ಆಯ್ಕೆ ಕೊಟ್ಟಾಗ ಅವರಲ್ಲೇ ಹಲವರು ಒಪ್ಪಿದರು. ಒಪ್ಪಿಗೆ ಹಿಂತೆಗೆದುಕೊಳ್ಳುವ ಲಿಂಕ್ ಧನ್ಯವಾದದ ಇಮೇಲ್‌ನಲ್ಲೇ ಇರುವುದನ್ನು ಮೆಚ್ಚಿದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಿರಬೇಕು ಎಂದು ಐರೋಪ್ಯ ಒಕ್ಕೂಟದ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನೂ ಹೇಳುತ್ತದೆ. ಇಲ್ಲಿ ಉಪಕರಣಕ್ಕೆ ಪೂರ್ತಿ ಅಂಕ.

ಅಂಕ ಕಳೆಯಬೇಕಾದದ್ದು ಕನ್ನಡದ ವಿಷಯದಲ್ಲಿ. ಫಾರ್ಮ್‌ನ ಪ್ರಶ್ನೆ, ಗುಂಡಿ, ಧನ್ಯವಾದದ ಸಂದೇಶ ಎಲ್ಲವನ್ನೂ ಕನ್ನಡದಲ್ಲಿ ಬರೆಯಬಹುದು, ಅಷ್ಟರಮಟ್ಟಿಗೆ ಸಂತೋಷ. ಆದರೆ ಏನಾದರೂ ತುಂಬದೆ ಬಿಟ್ಟರೆ ಬರುವ ಎಚ್ಚರಿಕೆ ಇಂಗ್ಲಿಷ್‌ನಲ್ಲೇ ಬರುತ್ತದೆ, ಅದನ್ನು ಬದಲಿಸಲು ದಾರಿಯಿಲ್ಲ. ಮೊದಲೇ ಇಂಗ್ಲಿಷ್ ಮೆನು ಕಂಡು ಬೆದರಿದವರು ನನ್ನ ಜನ.

ವಿಜೆಟ್‌ನ ಕಥೆ ಇನ್ನೂ ಇದೆ. ಟೆಸ್ಟಿಮೋನಿಯಲ್ ಅಂದರೆ ಓರೆ ಅಕ್ಷರದಲ್ಲಿ ಇರಬೇಕೆಂಬುದು ಇವರ ವಿನ್ಯಾಸಕಾರರ ನಂಬಿಕೆ. ಕನ್ನಡದ ಬಹುತೇಕ ಫಾಂಟ್‌ಗಳಲ್ಲಿ ಓರೆ ರೂಪವೇ ಇಲ್ಲ, ಬ್ರೌಸರ್ ಇದ್ದ ಅಕ್ಷರವನ್ನೇ ಬಲಕ್ಕೆ ವಾಲಿಸಿಬಿಡುತ್ತದೆ. ಒತ್ತಕ್ಷರಗಳು ಬೀಳುವಂತೆ ಕಾಣುತ್ತವೆ. ಸಾಲುಗಳ ನಡುವಿನ ಅಂತರವೂ ಇಂಗ್ಲಿಷ್‌ಗೆ ಹೊಂದಿಸಿದ್ದು, ಹಾಗಾಗಿ "ಸ್ಪ್ರೆಡ್‌ಶೀಟ್" ಎಂಬ ಪದದ ಒತ್ತು ಕೆಳಗಿನ ಸಾಲಿನ ಇಕಾರಕ್ಕೆ ಡಿಕ್ಕಿ. ಫೋಟೊ ಹಾಕದವರಿಗೆ ಹೆಸರಿನ ಮೊದಲಕ್ಷರವನ್ನು ವೃತ್ತದೊಳಗೆ ತೋರಿಸುತ್ತದೆ. "ಶ್ರೀ" ಎಂದು ಶುರುವಾಗುವ ಹೆಸರಿಗೆ ವೃತ್ತದಲ್ಲಿ ಬರುವುದು ಬರೀ "ಶ". ಕಂಪ್ಯೂಟರ್ ಲೆಕ್ಕದಲ್ಲಿ ಶ್ರೀ ಎಂಬುದು ನಾಲ್ಕು ಸಂಕೇತಗಳ ಸರಣಿ, ಇವರು ಮೊದಲನೆಯದನ್ನಷ್ಟೇ ಕಿತ್ತುಕೊಳ್ಳುತ್ತಾರೆ. "ಇನ್ನಷ್ಟು ಓದಿ" ಎಂದು ಕತ್ತರಿಸುವಾಗಲೂ ಇದೇ ಕತ್ತರಿ, ಕೆಲವೊಮ್ಮೆ ಅಕ್ಷರದ ಮಧ್ಯಕ್ಕೇ ಬೀಳುತ್ತದೆ.

ಪರಿಹಾರವಿದೆ. ವಿಜೆಟ್ ಸೆಟ್ಟಿಂಗ್‌ನಲ್ಲಿ ಸ್ವಂತ ಸಿಎಸ್‌ಎಸ್ (ಪುಟದ ರೂಪ ನಿರ್ಧರಿಸುವ ಕೋಡ್) ಬರೆಯುವ ಜಾಗ ಹುಡುಕಿ. ಫಾಂಟ್ ಸ್ಟೈಲ್ ನಾರ್ಮಲ್, ಸಾಲಿನ ಎತ್ತರ 1.7ರ ಆಸುಪಾಸು, ಫಾಂಟ್ ನೋಟೊ ಸ್ಯಾನ್ಸ್ ಕನ್ನಡ ಎಂದು ಕೊಟ್ಟರೆ ಮುಖ ತೊಳೆದಂತಾಗುತ್ತದೆ. ಅಕ್ಷರದ ವೃತ್ತವನ್ನು ಪೂರ್ತಿ ತೆಗೆದುಹಾಕಿ. ಕತ್ತರಿಸುವ ಮಿತಿಯನ್ನು ಆದಷ್ಟು ಹೆಚ್ಚಿಸಿ. ಸಹಾಯವಾಣಿಗೆ ಬರೆದಾಗ ವಿನಯದ ಉತ್ತರ ಬಂತು, ತಿದ್ದುಪಡಿ ಇನ್ನೂ ಬಂದಿಲ್ಲ.

ಜಾಲತಾಣಕ್ಕೆ ಜೋಡಿಸುವುದು ಒಂದು ಸಾಲಿನ ಕೋಡ್ ಅಂಟಿಸುವಷ್ಟು ಸುಲಭ. ಆದರೆ ಪುಟದಲ್ಲಿ ಮೇಲೆಯೇ ಇಟ್ಟರೆ ತೆರೆಯುವುದು ನಿಧಾನವಾಗುತ್ತದೆ, ಓದುತ್ತಿರುವಾಗಲೇ ಪಠ್ಯ ಕೆಳಕ್ಕೆ ಜಿಗಿಯುತ್ತದೆ. ವಿಜೆಟ್‌ಗೆ ಮೊದಲೇ ಎತ್ತರ ನಿಗದಿ ಮಾಡಿ, ಸ್ವಲ್ಪ ಕೆಳಗಿಡಿ. "ಗೂಗಲ್ ಹುಡುಕಾಟದಲ್ಲಿ ನಿಮ್ಮ ಹೆಸರಿನ ಕೆಳಗೆ ಚಿನ್ನದ ನಕ್ಷತ್ರ" ಎಂಬ ಆಮಿಷವನ್ನು ನಂಬಬೇಡಿ. ಒಂದು ಸಂಸ್ಥೆ ತನ್ನ ಬಗ್ಗೆ ತನ್ನದೇ ತಾಣದಲ್ಲಿ ಹಾಕಿಕೊಂಡ ವಿಮರ್ಶೆಗಳಿಗೆ ಆ ನಕ್ಷತ್ರ ತೋರಿಸುವುದನ್ನು ಗೂಗಲ್ 2019ರಲ್ಲೇ ನಿಲ್ಲಿಸಿದೆ.

ನಾನಂತೂ ಎಲ್ಲ ಮಾತುಗಳನ್ನೂ ಒಂದೇ ಗೋಡೆಗೆ ಅಂಟಿಸುವುದಿಲ್ಲ. ಪಿವೋಟ್ ಟೇಬಲ್ ಪಾಠದ ಪುಟದಲ್ಲಿ ಪಿವೋಟ್ ಟೇಬಲ್ ಬಗ್ಗೆ ಬರೆದವರದು ಒಂದೆರಡು, ಸಂಬಳ ಪಟ್ಟಿಯ ಪಾಠದಲ್ಲಿ ಅದರದ್ದು. ಪ್ರತಿ ಉತ್ತರಕ್ಕೂ ಟ್ಯಾಗ್ ಹಾಕಿ, ಟ್ಯಾಗ್ ಪ್ರಕಾರ ವಿಜೆಟ್ ತಯಾರಿಸುವ ವ್ಯವಸ್ಥೆ ಇದಕ್ಕೆ ಬಹಳ ಅನುಕೂಲ. ಟ್ಯಾಗ್ ಹಾಕುವುದನ್ನು ಮೊದಲ ಉತ್ತರದಿಂದಲೇ ಶುರು ಮಾಡಿ, ರಾಶಿ ಬಿದ್ದ ಮೇಲೆ ಬೇಸರದ ಕೆಲಸ.

ಉಚಿತ ಯೋಜನೆಯಲ್ಲಿ ಉತ್ತರಗಳ ಸಂಖ್ಯೆಗೆ ಮಿತಿಯಿದೆ, ವಿಜೆಟ್‌ನ ಅಡಿಯಲ್ಲಿ ಅವರ ಲೋಗೊ ಇರುತ್ತದೆ. ಪ್ರಶ್ನೆಗಳನ್ನು ಪರೀಕ್ಷಿಸಲು ಅಷ್ಟು ಸಾಕು. ಹಣ ಕಟ್ಟುವ ಮುಂಚೆ ಎರಡು ವಿಷಯ ಸಹಾಯವಾಣಿಗೆ ಬರೆದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಚಂದಾ ನಿಲ್ಲಿಸಿದರೆ ಜಾಲತಾಣದಲ್ಲಿರುವ ವಿಜೆಟ್ ಖಾಲಿಯಾಗುತ್ತದೆಯೇ? ವಿಡಿಯೊಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳಬಹುದೇ? ನನ್ನದರಲ್ಲಿ ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ, ಒಂದೊಂದಾಗಿ ಇಳಿಸಬೇಕು.

ಬರಹದ ಉತ್ತರಗಳನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಫೈಲಾಗಿ ತೆಗೆದುಕೊಳ್ಳಬಹುದು, ತಿಂಗಳಿಗೊಮ್ಮೆ ತೆಗೆದಿಡುತ್ತೇನೆ. ಆ ಫೈಲನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ವಿಚಿತ್ರ ಚಿಹ್ನೆಗಳ ಸಾಲು ಕಂಡೀತು, ಫೈಲ್ ಹಾಳಾಯಿತೆಂದು ಗಾಬರಿಯಾಗಬೇಡಿ. ಖಾಲಿ ಶೀಟ್ ತೆರೆದು, ಡೇಟಾ ಟ್ಯಾಬ್‌ನಲ್ಲಿ ಟೆಕ್ಸ್ಟ್ ಅಥವಾ ಸಿಎಸ್‌ವಿಯಿಂದ ತರುವ ಆಯ್ಕೆ ಒತ್ತಿ, ಫೈಲ್ ಮೂಲ ಎಂಬಲ್ಲಿ 65001 ಯುಟಿಎಫ್-8 ಆರಿಸಿ. ಅಕ್ಷರಗಳು ಸರಿಯಾಗಿ ಬರುತ್ತವೆ. ಒಪ್ಪಿಗೆಯ ದಿನಾಂಕದ ಕಾಲಂ ಕೂಡ ಅದರಲ್ಲಿದೆಯೇ ಎಂದು ನೋಡಿಕೊಳ್ಳಿ. ನನ್ನದರಲ್ಲಿ ಅದು ತಾನಾಗಿ ಬರುವುದಿಲ್ಲ, ಫೈಲ್ ಇಳಿಸಿಕೊಳ್ಳುವ ಮುಂಚೆ ಆ ಕಾಲಂಗೆ ಟಿಕ್ ಹಾಕಬೇಕು.